ಬುದ್ಧಿಮಾತು ಸಾಕು, ವೇಳಾಪಟ್ಟಿ ಬದಲಾಗಲಿ

ವಿಜಯಪುರ ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು, ಎಲ್ಲ ತಾಲ್ಲೂಕುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳು, ಪ್ರೌಢಶಾಲೆಗಳ ಮುಖ್ಯ ಗುರುಗಳು ಮತ್ತು ಗುರುಮಾತೆಯರು, ವಸತಿ ಶಾಲೆಗಳ ಪ್ರಾಂಶುಪಾಲರು, ಹಾಸ್ಟೆಲ್ ವಾರ್ಡನ್ನರು ಹಾಗೂ ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರಿಗೆ

ಮಾನ್ಯರೇ,

ದಸರೆಯ ರಜೆ ಮುಗಿಯುತ್ತಿದ್ದಂತೆ ನಮ್ಮ ಭಾಗದ ಪ್ರೌಢಶಾಲೆಗಳಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ಸುಧಾರಣೆಯ ಕ್ರಿಯಾಯೋಜನೆಗಳು ಸಿದ್ಧವಾಗತೊಡಗುತ್ತವೆ. ವಿಶೇಷ ತರಗತಿ, ರಾತ್ರಿ ಅಭ್ಯಾಸ, ನಸುಕಿನ ಫೋನ್ ಕರೆ, ಮನೆ ಭೇಟಿ, ಒಬ್ಬೊಬ್ಬ ಶಿಕ್ಷಕರ ಹೊಣೆಗೆ ಒಪ್ಪಿಸಿದ ‘ದತ್ತು’ ಮಕ್ಕಳು, ಪ್ರಿಪರೇಟರಿ ಪರೀಕ್ಷೆ ಎಂದು ಪ್ರತಿ ವರ್ಷವೂ ಹೆಚ್ಚುಕಡಿಮೆ ಅದೇ ಪಟ್ಟಿ. ಈ ಸಲದ ಪಟ್ಟಿ ಅಂತಿಮಗೊಳ್ಳುವ ಮೊದಲು ಒಂದು ಮಾತನ್ನು ತಮ್ಮೆಲ್ಲರ ಮುಂದೆ ಬಹಿರಂಗವಾಗಿಯೇ ಇಡಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ. ಇಂಡಿ ತಾಲ್ಲೂಕಿನ ಪ್ರೌಢಶಾಲೆಗಳಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನು ನಾನು. ಹದಿಮೂರರಿಂದ ಹದಿನಾರರ ಮಕ್ಕಳ ನಡುವೆಯೇ ನನ್ನ ದುಡಿಮೆಯ ಬದುಕು ಕಳೆದಿದೆ.

ನಾನು ಹೇಳಬೇಕೆಂದಿರುವುದು ಇಷ್ಟು: ಈ ವಯಸ್ಸಿನ ಮಕ್ಕಳಿಗೆ ಒಳಿತು ಕೆಡುಕು ತಿಳಿದಿರುತ್ತದೆ. ನಾವು ಪ್ರಾರ್ಥನೆಯ ಹೊತ್ತಿನಲ್ಲಿ ನಿಲ್ಲಿಸಿಕೊಂಡು ಹೇಳುವ ಬುದ್ಧಿಮಾತಿನಲ್ಲಿ ಅವರಿಗೆ ಗೊತ್ತಿಲ್ಲದ ಸಂಗತಿ ಬಹಳ ಕಡಿಮೆ. ಆದರೆ ಗೆಳೆಯರು ಸುತ್ತ ನಿಂತಾಗ, ನಾಲ್ಕು ಜನರ ಮುಂದೆ ಮಾನ ಹೋದಾಗ, ನಿದ್ದೆಗೆಟ್ಟು ಕಣ್ಣು ಉರಿಯುತ್ತಿರುವಾಗ ಆ ತಿಳಿವಳಿಕೆ ಅವರ ಕೈಗೆ ಸಿಗುವುದಿಲ್ಲ. ಆದ್ದರಿಂದ ಉಪದೇಶವನ್ನು ಹೆಚ್ಚಿಸಿ ಪ್ರಯೋಜನವಿಲ್ಲ. ಮಕ್ಕಳು ಯಾವ ಹೊತ್ತಿನಲ್ಲಿ, ಎಲ್ಲಿ, ಯಾರ ಕಣ್ಣೆದುರು ಇರುತ್ತಾರೆ ಎಂಬ ಏರ್ಪಾಟನ್ನು ಬದಲಿಸಬೇಕು. ಅಂಥ ಬದಲಾವಣೆಯ ಬಹುಪಾಲು ತಮ್ಮ ಸಹಿಯಿಂದಲೇ ಆಗಬಹುದಾದದ್ದು.

ಹದಿಹರೆಯದ ಮೆದುಳಿನ ಬಗ್ಗೆ ಕಳೆದ ಕಾಲು ಶತಮಾನದಲ್ಲಿ ಸಾಕಷ್ಟು ತಿಳಿದುಬಂದಿದೆ. 1999ರ ಹೊತ್ತಿಗೆ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಜೇ ಗೀಡ್ ಮತ್ತು ಸಂಗಡಿಗರು ಅದೇ ಮಕ್ಕಳ ಮೆದುಳನ್ನು ವರ್ಷಾನುಗಟ್ಟಲೆ ಎಂಆರ್‌ಐ ಯಂತ್ರದಲ್ಲಿ ಮತ್ತೆ ಮತ್ತೆ ನೋಡಿ, ಬಾಲ್ಯದಲ್ಲೇ ಮುಗಿಯುತ್ತದೆಂದು ತಿಳಿದಿದ್ದ ಬೆಳವಣಿಗೆ ಹದಿಹರೆಯದುದ್ದಕ್ಕೂ ಸಾಗುತ್ತದೆ ಎಂಬುದನ್ನು ತೋರಿಸಿದರು. ಬಳಕೆಯಾಗದ ನರಸಂಪರ್ಕಗಳು ಕಳಚಿಹೋಗಿ, ಬಳಕೆಯಾಗುವವು ಗಟ್ಟಿಗೊಂಡು ವೇಗ ಪಡೆಯುತ್ತವೆ. ಆಸೆ, ಸಂತೋಷ, ಬಹುಮಾನದ ನಿರೀಕ್ಷೆಗೆ ಸಂಬಂಧಿಸಿದ ಭಾಗಗಳು ಹರೆಯಕ್ಕೆ ಕಾಲಿಡುವಾಗಲೇ ಚುರುಕಾಗುತ್ತವೆ. ತಡೆದು ಯೋಚಿಸುವ, ಮುಂದಿನದನ್ನು ಲೆಕ್ಕಹಾಕುವ ಹಣೆಯ ಹಿಂಬದಿಯ ಭಾಗ ಮಾತ್ರ ಇಪ್ಪತ್ತರ ನಡುವಿನವರೆಗೆ ನಿಧಾನವಾಗಿ ಬೆಳೆಯುತ್ತಿರುತ್ತದೆ. ಇಷ್ಟನ್ನು ಕೇಳಿ ‘ಅವರ ಮೆದುಳೇ ಬೆಳೆದಿಲ್ಲ, ಏನು ಹೇಳಿ ಏನು’ ಎಂದು ಸ್ಟಾಫ್ ರೂಮಿನಲ್ಲಿ ನಗುವವರಿದ್ದಾರೆ. ಅದು ತಪ್ಪು ತಿಳಿವಳಿಕೆ. ಸಾವಧಾನವಾಗಿ, ಒತ್ತಡವಿಲ್ಲದೆ ಯೋಚಿಸಲು ಬಿಟ್ಟರೆ ಹದಿನಾರರ ಹೊತ್ತಿಗೆ ಮಕ್ಕಳ ತರ್ಕಶಕ್ತಿ ಹೆಚ್ಚುಕಡಿಮೆ ದೊಡ್ಡವರ ಮಟ್ಟಕ್ಕೆ ಬಂದಿರುತ್ತದೆ ಎಂಬುದನ್ನೂ ಅದೇ ಕ್ಷೇತ್ರದ ಸಂಶೋಧನೆ ತೋರಿಸಿದೆ. ತಣ್ಣಗಿರುವಾಗಿನ ಬುದ್ಧಿಗೂ ಬಿಸಿಯಾದಾಗಿನ ಬುದ್ಧಿಗೂ ಈ ವಯಸ್ಸಿನಲ್ಲಿ ಇರುವಷ್ಟು ಅಂತರ ಮುಂದೆ ಇರುವುದಿಲ್ಲ, ಅಷ್ಟೇ.

ಮನಶ್ಶಾಸ್ತ್ರಜ್ಞರಾದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವನ್ನು ನಮ್ಮ ಶಿಕ್ಷಕರ ತರಬೇತಿಯಲ್ಲಿ ಮೊದಲ ದಿನವೇ ಹೇಳಬೇಕು. 13ರಿಂದ 16, 18ರಿಂದ 22 ಹಾಗೂ 24 ದಾಟಿದ ಮೂರು ಗುಂಪುಗಳ ಒಟ್ಟು 306 ಜನರಿಗೆ ಅವರು ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಹಳದಿ ದೀಪ ಬಿದ್ದಿದೆ. ಮುಂದೆ ಹೋದಷ್ಟೂ ಅಂಕ, ಆದರೆ ಯಾವ ಕ್ಷಣದಲ್ಲಾದರೂ ಗೋಡೆ ಎದುರಾಗಿ ಎಲ್ಲ ಅಂಕವೂ ಹೋಗಬಹುದು. ಕೆಲವರು ಒಂಟಿಯಾಗಿ ಆಡಿದರು, ಕೆಲವರು ತಮ್ಮದೇ ವಯಸ್ಸಿನ ಇಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಡಿದರು. ಒಂಟಿಯಾಗಿ ಆಡಿದಾಗ ಮೂರೂ ಗುಂಪುಗಳು ಹೆಚ್ಚುಕಡಿಮೆ ಒಂದೇ ರೀತಿ ನಡೆದುಕೊಂಡವು. ಗೆಳೆಯರು ಪಕ್ಕದಲ್ಲಿದ್ದಾಗ ಚಿಕ್ಕವರು ತೆಗೆದುಕೊಂಡ ಅಪಾಯ ಬಹಳ ಹೆಚ್ಚಿತು. ದೊಡ್ಡವರಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಮುಂದೆ 2011ರಲ್ಲಿ ಇದೇ ಬಗೆಯ ಆಟವನ್ನು ಮೆದುಳಿನ ಸ್ಕ್ಯಾನ್ ಜೊತೆ ಮಾಡಿಸಿದಾಗ, ಗೆಳೆಯರು ನೋಡುತ್ತಿದ್ದಾರೆ ಎಂಬ ಅರಿವಿನಿಂದಲೇ ಹರೆಯದವರ ಮೆದುಳಿನಲ್ಲಿ ಬಹುಮಾನಕ್ಕೆ ಸ್ಪಂದಿಸುವ ಭಾಗಗಳು ಹೆಚ್ಚು ಚುರುಕಾದದ್ದು ಕಂಡಿತು.

ಇದನ್ನು ಓದುವ ಮೊದಲೇ ನಮ್ಮ ಹುಡುಗನೊಬ್ಬ ನನಗಿದನ್ನು ಹೇಳಿದ್ದ. ಇಂಡಿ ಶಾಖಾ ಕಾಲುವೆಗೆ ನೀರು ಬಿಟ್ಟ ದಿನಗಳಲ್ಲಿ ಸೇತುವೆಯ ಮೇಲಿನಿಂದ ಜಿಗಿದು, ಸೆಳವಿಗೆ ಸಿಕ್ಕು, ದೈವಬಲದಿಂದ ದಡ ಸೇರಿದವನು ಅವನು. ಸೆಳವು ಇದೆಯೆಂದು ಗೊತ್ತಿರಲಿಲ್ಲವೇ ಎಂದು ಕೇಳಿದ್ದಕ್ಕೆ, ‘ಗೊತ್ತಿತ್ರಿ ಸರ್. ನಾ ಒಬ್ಬವನ ಇದ್ದಿದ್ರ ಇಳೀತಿದ್ದಿಲ್ರಿ’ ಎಂದ. ಅವನ ಮಾತು ಪೂರ್ತಿ ನಿಜ. ಹರೆಯದವರು ತಮಗೇನೂ ಆಗುವುದಿಲ್ಲವೆಂದು ನಂಬಿರುತ್ತಾರೆ ಎಂಬುದು ನಮ್ಮ ಹಳೆಯ ಊಹೆ. ಕೇಳಿ ನೋಡಿದರೆ ಅನೇಕ ಅಪಾಯಗಳನ್ನು ಅವರು ಇರುವುದಕ್ಕಿಂತ ಹೆಚ್ಚೆಂದೇ ಅಂದಾಜು ಮಾಡುತ್ತಾರೆ ಎಂಬುದು ಅಧ್ಯಯನಗಳಲ್ಲಿ ಕಂಡಿರುವ ಸಂಗತಿ. ಕಾಲುವೆಯ ಅಪಾಯದ ಬಗ್ಗೆ ಇನ್ನೊಂದು ಭಾಷಣ ಆ ಹುಡುಗನಿಗೆ ಬೇಕಿರಲಿಲ್ಲ. ನೀರು ಬಿಡುವ ವಾರಗಳಲ್ಲಿ ಸೇತುವೆಯ ಬಳಿ ಒಬ್ಬ ದೊಡ್ಡವರ ಕಾವಲು, ಸಂಜೆಗೆ ಮೈದಾನದಲ್ಲಿ ಒಂದು ಕಬಡ್ಡಿ ಆಟ, ಊರಿನಲ್ಲಿ ಈಜು ಕಲಿಸುವ ಒಂದು ಏರ್ಪಾಟು ಇದ್ದಿದ್ದರೆ ಸಾಕಾಗುತ್ತಿತ್ತು.

ಉಪದೇಶದ ಮಿತಿ ಇಡೀ ದೇಶಗಳ ಅನುಭವದಲ್ಲೂ ದಾಖಲಾಗಿದೆ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರು ಶಾಲೆಗಳಿಗೆ ಹೋಗಿ ಮಾದಕವಸ್ತುಗಳ ವಿರುದ್ಧ ಪಾಠ ಹೇಳುವ ‘ಡೇರ್’ ಎಂಬ ಕಾರ್ಯಕ್ರಮ ಆರಂಭವಾಗಿ ಅಮೆರಿಕದ ತುಂಬ ಹರಡಿತು. ಅದರ ಮೂಲ ಪಾಠಕ್ರಮವನ್ನು ಅಳೆದು ನೋಡಿದವರಿಗೆ ಮಕ್ಕಳ ನಡವಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಐಸ್‌ಲ್ಯಾಂಡ್ ಬೇರೆ ದಾರಿ ಹಿಡಿಯಿತು. ಸಂಜೆಯ ಆಟ, ಸಂಗೀತಕ್ಕೆ ಸರ್ಕಾರವೇ ಹಣ ಹಾಕಿತು, ಪಾಲಕರು ಒಟ್ಟಾಗಿ ಒಪ್ಪಂದ ಮಾಡಿಕೊಂಡರು, ಚಳಿಗಾಲದಲ್ಲಿ 13ರಿಂದ 16ರ ಮಕ್ಕಳು ರಾತ್ರಿ 10ರ ನಂತರ ಹೊರಗಿರುವಂತಿಲ್ಲ ಎಂದಾಯಿತು. ಹಿಂದಿನ ಒಂದು ತಿಂಗಳಲ್ಲಿ ಕುಡಿದು ಅಮಲೇರಿಸಿಕೊಂಡಿದ್ದ 15–16ರ ಮಕ್ಕಳ ಪ್ರಮಾಣ 1998ರಲ್ಲಿ ಶೇ. 42 ಇದ್ದದ್ದು 2016ರಲ್ಲಿ ಶೇ. 5ಕ್ಕೆ ಇಳಿಯಿತು. ಅದು ಪುಟ್ಟ, ಶ್ರೀಮಂತ ದೇಶ ಎಂಬ ಮಾತು ಸರಿಯೇ. ಆದರೆ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂಬ 2003ರ ಕಾಯ್ದೆ ನಮ್ಮಲ್ಲೂ ಇದೆ. ತಂಬಾಕು ವಿರೋಧಿ ದಿನದ ಪ್ರಬಂಧ ಸ್ಪರ್ಧೆಯಲ್ಲಿ ಬಹುಮಾನ ಪಡೆದ ಹುಡುಗನೇ ಕಂಪೌಂಡಿನ ಆಚೆಯ ಡಬ್ಬಾ ಅಂಗಡಿಯಲ್ಲಿ ಗುಟ್ಕಾ ಕೊಳ್ಳುವುದನ್ನು ನಮ್ಮಲ್ಲಿ ಯಾರು ನೋಡಿಲ್ಲ? ಪ್ರಬಂಧ ಸ್ಪರ್ಧೆ ನಡೆಯಲಿ. ಅದಕ್ಕಿಂತ ಮೊದಲು ಆ ಅಂಗಡಿ ಅಲ್ಲಿಂದ ಏಳಲಿ.

ಇಲ್ಲಿ ಒಂದು ಎಚ್ಚರಿಕೆಯನ್ನೂ ಸೇರಿಸಬೇಕು. ಈ ಮಕ್ಕಳು ಹೊಣೆ ಹೊರಲಾರರು ಎಂದು ನಾನು ಹೇಳುತ್ತಿಲ್ಲ. ತ್ರೀ ಫೇಸ್ ಕರೆಂಟ್ ರಾತ್ರಿ ಬರುವ ಊರುಗಳಲ್ಲಿ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗಿ, ಮೋಟಾರು ಚಾಲೂ ಮಾಡಿ, ನಿಂಬೆ ಗಿಡಗಳಿಗೆ ನೀರು ತಿರುವಿ ಬರುವವನು ಒಂಬತ್ತನೆಯ ತರಗತಿಯ ಹುಡುಗನೇ. ಅಪ್ಪ ಅವ್ವ ದುಡಿಯಲು ಗೋವಾಕ್ಕೋ ಪುಣೆಗೋ ಹೋಗಿರುವ ಮನೆಗಳಲ್ಲಿ ಅಜ್ಜಿಯ ಔಷಧಿ, ತಮ್ಮನ ಊಟ, ರೇಷನ್ನಿನ ಸರದಿ ಎಲ್ಲವನ್ನೂ ಸಂಭಾಳಿಸಿ ಶಾಲೆಗೆ ಬರುವವಳು ಹದಿನಾಲ್ಕರ ಹುಡುಗಿಯೇ. ಮನೆಯಲ್ಲಿ ಇಷ್ಟು ಹೊರುವವರನ್ನು ಶಾಲೆಯಲ್ಲಿ ನಾವು ಏನೂ ಅರಿಯದ ಕೂಸುಗಳಂತೆಯೋ, ಇಲ್ಲವೇ ಕಣ್ಗಾವಲಿನಲ್ಲಿಡಬೇಕಾದ ಪುಂಡರಂತೆಯೋ ಕಾಣುತ್ತೇವೆ. ಎರಡೂ ಅವರಿಗೆ ಅವಮಾನವೆನಿಸುತ್ತದೆ, ಮತ್ತು ಆ ಅನಿಸಿಕೆ ಸರಿಯಾದದ್ದು.

ಈಗ ನಸುಕಿನ ಫೋನ್ ಕರೆಯ ವಿಚಾರ. ಬೆಳಗಿನ 4.30ಕ್ಕೋ 5ಕ್ಕೋ ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸುವುದು, ಎದ್ದು ಪುಸ್ತಕದ ಮುಂದೆ ಕುಳಿತ ಫೋಟೋ ತರಿಸಿಕೊಳ್ಳುವುದು, ಆ ಹೊತ್ತಿನಲ್ಲಿ ಮನೆ ಭೇಟಿಗೆ ಹೋಗುವುದು ಇವೆಲ್ಲ ಶಿಕ್ಷಕರ ಕಾಳಜಿಯಿಂದಲೇ ಹುಟ್ಟಿದ ಪದ್ಧತಿಗಳು. ಅವರ ಶ್ರಮವನ್ನು ನಾನು ಹಗುರಾಗಿ ಕಾಣುತ್ತಿಲ್ಲ. ವಸತಿ ಶಾಲೆಗಳಲ್ಲಿ ಮತ್ತು ಕೋಚಿಂಗ್ ಕೇಂದ್ರಗಳಲ್ಲಂತೂ 5 ಗಂಟೆಯ ಗಂಟೆ ಶಿಸ್ತಿನ ಗುರುತೇ ಆಗಿಬಿಟ್ಟಿದೆ. ಆದರೆ ಹರೆಯ ಬಂದ ಮೇಲೆ ದೇಹದ ಗಡಿಯಾರ ತಡವಾಗುತ್ತದೆ ಎಂಬುದನ್ನು ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮೇರಿ ಕಾರ್ಸ್ಕಡನ್ ಮತ್ತಿತರರು ದಶಕಗಳ ಅಧ್ಯಯನದಿಂದ ತೋರಿಸಿದ್ದಾರೆ. ನಿದ್ದೆಗೆ ಸಿದ್ಧಗೊಳಿಸುವ ಮೆಲಟೋನಿನ್ ಎಂಬ ಹಾರ್ಮೋನು ಈ ವಯಸ್ಸಿನಲ್ಲಿ ರಾತ್ರಿ ತಡವಾಗಿ ಏರುತ್ತದೆ, ಬೆಳಗ್ಗೆ ತಡವಾಗಿ ಇಳಿಯುತ್ತದೆ. ಒಂಬತ್ತಕ್ಕೆ ಮಲಗು ಎಂದರೆ ಅವನು ಮಲಗಬಹುದು, ನಿದ್ದೆ ಹತ್ತುವುದಿಲ್ಲ. 13ರಿಂದ 18ರವರಿಗೆ 8ರಿಂದ 10 ಗಂಟೆಗಳ ನಿದ್ದೆ ಬೇಕೆಂದು ಅಮೆರಿಕದ ನಿದ್ರಾ ವೈದ್ಯರ ಅಕಾಡೆಮಿ 2016ರಲ್ಲಿ ಹೇಳಿದೆ. ರಾತ್ರಿ ಹನ್ನೊಂದಕ್ಕೆ ಹೊಲದಿಂದ ಬಂದು ಅಥವಾ ರಾತ್ರಿ ಅಭ್ಯಾಸ ಮುಗಿಸಿ ಮಲಗಿದ ಹುಡುಗನನ್ನು 4.30ಕ್ಕೆ ಎಬ್ಬಿಸಿದರೆ ಅವನಿಗೆ ದಕ್ಕುವುದು ಐದೂವರೆ ಗಂಟೆ. ಹಗಲು ಕಲಿತದ್ದು ನೆನಪಿನಲ್ಲಿ ನೆಲೆಗೊಳ್ಳುವುದು ನಿದ್ದೆಯಲ್ಲಿಯೇ ಎಂಬುದನ್ನು ಬಲ್ಲ ನಾವು, ಕಲಿಸಿದ್ದನ್ನು ನಾವೇ ಅಳಿಸುವ ವೇಳಾಪಟ್ಟಿ ಹಾಕುತ್ತಿದ್ದೇವೆ. ಮೂರನೆಯ ಪಿರಿಯಡ್ಡಿನಲ್ಲಿ ತೂಕಡಿಸಿದವನನ್ನು ಬೆಂಚಿನ ಮೇಲೆ ನಿಲ್ಲಿಸುವುದೂ ನಾವೇ.

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲಿ, ಹರೆಯದವರ ಶಾಲೆಗಳು ಬೆಳಗ್ಗೆ 8.30ಕ್ಕಿಂತ ಮೊದಲು ಆರಂಭವಾಗಬಾರದು ಎಂದು ಶಿಫಾರಸು ಮಾಡಿತು. ಕ್ಯಾಲಿಫೋರ್ನಿಯಾದಲ್ಲಿ 2022ರಿಂದ ಹೈಸ್ಕೂಲುಗಳಿಗೆ ಇದು ಕಾನೂನೇ ಆಯಿತು. ಅಲ್ಲಿಯವರು ಇಷ್ಟು ಹೋರಾಡಿ ಪಡೆದದ್ದು ನಮ್ಮ ಸರ್ಕಾರಿ ಶಾಲೆಗಳಿಗೆ ಹತ್ತರ ಆಸುಪಾಸಿನ ಗಂಟೆಯ ರೂಪದಲ್ಲಿ ಮೊದಲಿನಿಂದಲೂ ಇದೆ. ಅದನ್ನು ಹಾಗೆಯೇ ಉಳಿಸಿಕೊಳ್ಳುವುದಕ್ಕೆ ಒಂದು ರೂಪಾಯಿಯ ಖರ್ಚಿಲ್ಲ. ವಿಶೇಷ ತರಗತಿ ಬೇಕೇ ಬೇಕೆಂದಾದರೆ ಶಾಲೆ ಬಿಟ್ಟ ಮೇಲೆ ಒಂದು ತಾಸು ಇರಲಿ, ಅದರ ನಂತರ ಮಕ್ಕಳು ಮನೆಗೆ ಹೋಗಲು ಬಸ್ಸಿದೆಯೇ ಎಂಬುದನ್ನು ನೋಡಿಕೊಂಡು.

ಇನ್ನು ಮಾನದ ವಿಷಯ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ಗಂಭೀರವಾದದ್ದು. ಹರೆಯದವರು ತಮ್ಮನ್ನು ಸದಾ ಯಾರೋ ನೋಡುತ್ತಿದ್ದಾರೆ, ತೂಗುತ್ತಿದ್ದಾರೆ ಎಂಬ ಭಾವನೆಯಲ್ಲಿ ಬದುಕುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಡೇವಿಡ್ ಎಲ್ಕಿಂಡ್ 1967ರಲ್ಲಿ ಬರೆದರು. ಅದನ್ನವರು ಕಾಲ್ಪನಿಕ ಪ್ರೇಕ್ಷಕವರ್ಗ ಎಂದು ಕರೆದರು. 2013ರಲ್ಲಿ ಲೀಯಾ ಸಾಮರ್ವಿಲ್ ಮತ್ತು ಸಂಗಡಿಗರು, ಕ್ಯಾಮೆರಾದ ಮೂಲಕ ನಿಮ್ಮ ವಯಸ್ಸಿನವರೊಬ್ಬರು ನಿಮ್ಮನ್ನು ನೋಡುತ್ತಿದ್ದಾರೆ ಎಂದಷ್ಟೇ ಹೇಳಿ ಮಕ್ಕಳು, ಹರೆಯದವರು ಮತ್ತು ದೊಡ್ಡವರ ಪ್ರತಿಕ್ರಿಯೆಯನ್ನು ಅಳೆದರು. ಮುಜುಗರವೂ, ಮೈಯ ಉದ್ವೇಗವೂ ಹರೆಯದಲ್ಲಿ ಎಲ್ಲರಿಗಿಂತ ಮೇಲಕ್ಕೇರಿದವು. ಅಲ್ಲಿ ಯಾರೂ ಬೈದಿರಲಿಲ್ಲ, ನಕ್ಕಿರಲಿಲ್ಲ. ನೋಡುತ್ತಿದ್ದಾರೆ ಎಂಬ ಭಾವನೆಯೊಂದೇ ಅಷ್ಟು ಮಾಡಿತ್ತು. ಹಾಗಿರುವಾಗ ಪ್ರಾರ್ಥನೆಯ ಸಾಲಿನಲ್ಲಿ ಮುಂದೆ ಕರೆದು ಪ್ರಿಪರೇಟರಿಯ ಅಂಕ ಓದಿ ಹೇಳುವುದು, ‘ಎ’, ‘ಬಿ’, ‘ಸಿ’ ಎಂದು ಮಕ್ಕಳನ್ನು ವಿಂಗಡಿಸಿ ಆ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚುವುದು, ಪಾಸಾಗುವಷ್ಟನ್ನು ಮಾತ್ರ ಕಲಿಸುವ ‘ಪಾಸಿಂಗ್ ಪ್ಯಾಕೇಜ್’ನವರನ್ನು ಬೇರೆ ಕೋಣೆಯಲ್ಲಿ ಕೂರಿಸುವುದು, ಪಾಲಕರ ಸಭೆಯಲ್ಲಿ ಊರ ಹಿರಿಯರ ಮುಂದೆ ಹೆಸರು ಹಿಡಿದು ಹೇಳುವುದು ಒಂದು ಮಗುವಿನೊಳಗೆ ಏನು ಮಾಡುತ್ತದೆ ಎಂಬುದನ್ನು ತಾವೇ ಯೋಚಿಸಿ. ನಾಳೆಯಿಂದ ಹಟ ತೊಟ್ಟು ಓದಲಿ ಎಂಬುದು ನಮ್ಮ ಲೆಕ್ಕ. ಅವಮಾನವಾದ ಜಾಗಕ್ಕೆ ಹೋಗದಿರುವುದು ಅವರ ಲೆಕ್ಕ. ಜನವರಿಯ ನಂತರ ಹಾಜರಿ ಪುಸ್ತಕದಲ್ಲಿ ಯಾರ ಹೆಸರಿನ ಮುಂದೆ ಗೈರು ಹೆಚ್ಚುತ್ತದೆ ಎಂಬುದನ್ನು ಯಾವ ಶಾಲೆಯಲ್ಲಿಯಾದರೂ ತೆಗೆದು ನೋಡಬಹುದು.

ಇದು ಈಗ ಮನಸ್ಸಿಗೆ ಬಿಟ್ಟ ವಿಚಾರವಾಗಿಯೂ ಉಳಿದಿಲ್ಲ. ಸುಪ್ರೀಂ ಕೋರ್ಟು 2025ರ ಜುಲೈ 25ರಂದು ನೀಡಿದ ತೀರ್ಪಿನಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಮಾನಸಿಕ ಆರೋಗ್ಯದ ಕುರಿತು 15 ಮಾರ್ಗಸೂಚಿಗಳನ್ನು ಕೊಟ್ಟಿದೆ. ಅಂಕಗಳ ಆಧಾರದ ಮೇಲೆ ವಿದ್ಯಾರ್ಥಿಗಳನ್ನು ಬ್ಯಾಚುಗಳಾಗಿ ಬೇರ್ಪಡಿಸುವುದು, ಎಲ್ಲರೆದುರು ಅವಮಾನಿಸುವುದು, ಶಕ್ತಿಗೆ ಮೀರಿದ ಗುರಿ ಹೇರುವುದು ಇವುಗಳಿಂದ ಸಾಧ್ಯವಾದಷ್ಟು ದೂರವಿರಬೇಕೆಂದು ಅದರಲ್ಲಿ ಹೇಳಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರೊಬ್ಬರನ್ನಾದರೂ ಹೊಂದಿರಬೇಕೆಂದೂ, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಏರ್ಪಡಿಸಿಕೊಳ್ಳಬೇಕೆಂದೂ ಹೇಳಿದೆ. ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುವ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ 2009ರಿಂದಲೇ ಇದೆ. ಆ ಕಾಯ್ದೆ 14 ವರ್ಷದವರೆಗಿನವರಿಗೆ ಮಾತ್ರ ಎಂದು ಲೆಕ್ಕ ಹೇಳುವವರೂ ಸಿಗುತ್ತಾರೆ. ಹದಿನೈದು ತುಂಬಿದ ದಿನ ಮಗುವಿನ ಮಾನಕ್ಕೆ ಬೆಲೆ ಇಳಿಯುತ್ತದೆಯೇ ಎಂದು ಅವರನ್ನು ಕೇಳಬೇಕು.

ಮಾನದ ಮಾತು ಬಂದಾಗ ಹುಡುಗಿಯರ ವಿಷಯವನ್ನು ಬೇರೆಯಾಗಿಯೇ ಹೇಳಬೇಕಾಗುತ್ತದೆ. ಬ್ಯಾಗಿನಲ್ಲಿ ಒಂದು ಚೀಟಿ ಸಿಗುತ್ತದೆ, ಅಥವಾ ಮನೆಯವರ ಮೊಬೈಲಿನಲ್ಲಿ ಒಂದು ಮೆಸೇಜು. ಸ್ಟಾಫ್ ರೂಮಿನಲ್ಲಿ ಅದನ್ನು ನಾಲ್ಕು ಜನ ಓದುತ್ತಾರೆ, ಪಾಲಕರನ್ನು ಕರೆಸುತ್ತಾರೆ, ಸಂಜೆಯೊಳಗೆ ಊರಿಗೆ ಗೊತ್ತಾಗುತ್ತದೆ. ಹುಡುಗ ಎಂಟು ದಿನ ಬಿಟ್ಟು ಶಾಲೆಗೆ ಬರುತ್ತಾನೆ, ಹುಡುಗಿ ಬರುವುದಿಲ್ಲ. ನಾನು ಕಲಿಸಿದ ಶಾಲೆಯೊಂದರಲ್ಲಿ ಗಣಿತದಲ್ಲಿ ಎಲ್ಲರಿಗಿಂತ ಮುಂದಿದ್ದ ಹುಡುಗಿಯೊಬ್ಬಳು ಹೀಗೆಯೇ ಒಂದು ಚೀಟಿಯ ಕಾರಣಕ್ಕೆ ಒಂಬತ್ತನೆಯ ತರಗತಿಯ ನಡುವೆ ನಿಂತುಹೋದಳು. ಸೋದರಮಾವನ ಊರಿಗೆ ಕಳಿಸಿದ್ದೇವೆ ಎಂದು ಮನೆಯವರು ಹೇಳಿದರು. ಅದರ ಅರ್ಥವೇನೆಂದು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕರ್ನಾಟಕ 2016ರಲ್ಲಿ ತಂದ ತಿದ್ದುಪಡಿಯ ಪ್ರಕಾರ ರಾಜ್ಯದಲ್ಲಿ ಬಾಲ್ಯವಿವಾಹ ಮೂಲದಿಂದಲೇ ಅಸಿಂಧು. ಆದರೆ ಅಂಥ ಮದುವೆಗೆ ಅವಸರ ಹುಟ್ಟಿಸುವ ಭಯ ಕೆಲವೊಮ್ಮೆ ಶಾಲೆಯ ಕೋಣೆಯಿಂದಲೇ ಹೊರಡುತ್ತದೆ ಎಂಬುದನ್ನು ನಾವು ಒಪ್ಪಿಕೊಳ್ಳುವುದಿಲ್ಲ.

ಈ ವಯಸ್ಸಿನಲ್ಲಿ ಆಕರ್ಷಣೆ ಹುಟ್ಟುವುದು ದೇಹದ ಮತ್ತು ಮನಸ್ಸಿನ ಬೆಳವಣಿಗೆಯ ಭಾಗ. ತಾನು ಯಾರು, ತನ್ನನ್ನು ಯಾರು ಮೆಚ್ಚುತ್ತಾರೆ, ಮನೆಯ ಹೊರಗೆ ತನ್ನ ಸ್ಥಾನ ಯಾವುದು ಎಂಬ ಹುಡುಕಾಟದ ಕಾಲವಿದು ಎಂದು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಎಷ್ಟೋ ವರ್ಷಗಳ ಹಿಂದೆಯೇ ಹೇಳಿದ್ದನ್ನು ಬಿ.ಎಡ್. ಓದುವಾಗ ನಾವೆಲ್ಲ ಪರೀಕ್ಷೆಯಲ್ಲಿ ಬರೆದಿದ್ದೇವೆ. ಅದನ್ನು ಅಪರಾಧದಂತೆ ಕಂಡಾಗ ಮಕ್ಕಳು ದೊಡ್ಡವರಿಗೆ ಹೇಳುವುದನ್ನು ನಿಲ್ಲಿಸುತ್ತಾರೆ. ಆಮೇಲೆ ನಿಜವಾದ ಅಪಾಯ ಬಂದಾಗಲೂ ಹೇಳುವುದಿಲ್ಲ. ಹಾಗೆಂದು ಕಾನೂನನ್ನು ಮರೆಯಬೇಕೆಂದು ಅರ್ಥವಲ್ಲ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18ರ ಕೆಳಗಿನವರೆಲ್ಲ ಮಕ್ಕಳೇ, ಮತ್ತು ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕಾಗ ವರದಿ ಮಾಡುವುದು ಕಡ್ಡಾಯ. ಅಲ್ಲಿ ಮುಚ್ಚಿಡುವ ಪ್ರಶ್ನೆಯೇ ಇಲ್ಲ. ಆದರೆ ಈ ಕಾಯ್ದೆ ಏನು ಹೇಳುತ್ತದೆ ಎಂಬುದು ಮಕ್ಕಳಿಗೇ ಗೊತ್ತಿರುವುದಿಲ್ಲ. 2022ರ ನವೆಂಬರಿನಲ್ಲಿ ಹೈಕೋರ್ಟಿನ ಧಾರವಾಡ ಪೀಠ ಇಂಥದ್ದೇ ಒಂದು ಪ್ರಕರಣದಲ್ಲಿ, ಸಮ್ಮತಿಯ ವಯಸ್ಸಿನ ಮಿತಿಯ ಬಗ್ಗೆ ಕಾನೂನು ಆಯೋಗ ಮರುಚಿಂತನೆ ಮಾಡಬೇಕಾದೀತು ಎಂದು ಹೇಳುವುದರ ಜೊತೆಗೆ, ಒಂಬತ್ತನೆಯ ತರಗತಿಯಿಂದಲೇ ವಿದ್ಯಾರ್ಥಿಗಳಿಗೆ ಪೋಕ್ಸೊ ಕುರಿತು ತಿಳಿಸಿಕೊಡುವ ವ್ಯವಸ್ಥೆಯಾಗಬೇಕೆಂದು ಶಿಕ್ಷಣ ಇಲಾಖೆಗೆ ಸೂಚಿಸಿತ್ತು. ಆಯೋಗ ಮುಂದಿನ ವರ್ಷ ತನ್ನ ವರದಿಯಲ್ಲಿ ವಯಸ್ಸಿನ ಮಿತಿ ಬದಲಿಸುವುದು ಬೇಡವೆಂದಿತು. ಹಾಗಾದ ಮೇಲೆ ಮಕ್ಕಳಿಗೆ ತಿಳಿಸಿ ಹೇಳುವ ಹೊಣೆ ಇನ್ನೂ ಹೆಚ್ಚಾಯಿತು. ಚೀಟಿ ಸಿಕ್ಕರೆ ಒಬ್ಬ ಗುರುಮಾತೆ ಮಾತ್ರ, ಆ ಹುಡುಗಿಯೊಬ್ಬಳನ್ನೇ ಕೂರಿಸಿಕೊಂಡು ಮಾತಾಡಲಿ; ಒತ್ತಾಯವೋ ಬೆದರಿಕೆಯೋ ಇದೆಯೇ ಎಂದು ತಿಳಿದುಕೊಳ್ಳಲಿ; ಇಲ್ಲವೆಂದಾದರೆ ಆ ಚೀಟಿ ಅವಳ ಕೈಗೇ ಮರಳಲಿ. ಇಷ್ಟನ್ನು ಒಂದು ಲಿಖಿತ ನಿಯಮವನ್ನಾಗಿ ಮಾಡಲು ತಮಗೆ ಅಧಿಕಾರವಿದೆ.

ಫಲಿತಾಂಶದ ದಿನದ ಬಗ್ಗೆ ಹೆಚ್ಚು ಬರೆಯಲು ಕೈ ಬರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಎಲ್ಲರೂ ಪರೀಕ್ಷೆಯ ಕಾರಣಕ್ಕಲ್ಲ. ಈ ವಯಸ್ಸಿನಲ್ಲಿ ಅಂಥ ಸಂಕಟದ ತುದಿ ಹಲವು ಸಲ ಕೆಲವೇ ತಾಸುಗಳದ್ದಾಗಿರುತ್ತದೆ, ಆ ಹೊತ್ತಿನಲ್ಲಿ ಪಕ್ಕದಲ್ಲಿ ಒಬ್ಬರಿದ್ದರೆ ಅದು ದಾಟುತ್ತದೆ. 2023–24ರಿಂದ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಉತ್ತಮ ಅಂಕವೇ ಉಳಿಯುತ್ತದೆ. ಇದನ್ನು ಜೂನ್‌ನಿಂದಲೇ ಮಕ್ಕಳ ಕಿವಿಗೆ ಹಾಕುತ್ತಿರಬೇಕು. ಫಲಿತಾಂಶ ಬರುವ ದಿನ ಅನುತ್ತೀರ್ಣರಾದವರ ಮನೆಗೆ ಮೊದಲು ಹೋಗಿ, ಸಿಹಿ ಹಂಚುವ ಮನೆಗೆ ಸಂಜೆ ಹೋಗೋಣ. ದತ್ತು ಪಡೆದ ಶಿಕ್ಷಕರು ಇದನ್ನು ಮಾಡಿದರೆ ದತ್ತು ಎಂಬುದಕ್ಕೆ ನ್ಯಾಯ ಒದಗೀತು. 2022ರ ಅಕ್ಟೋಬರ್ 10ರಿಂದ ಕೆಲಸ ಮಾಡುತ್ತಿರುವ ಟೆಲಿ ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416, ಮಕ್ಕಳ ಸಹಾಯವಾಣಿ 1098 ಈ ಎರಡೂ ಸಂಖ್ಯೆಗಳು ಪ್ರವೇಶಪತ್ರದ ಜೊತೆಗೇ ಮಕ್ಕಳ ಕೈ ಸೇರಲಿ.

ಆಪ್ತಸಮಾಲೋಚಕರನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆ ಸಹಜ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಮಗೆ ಸುಮಾರು 200 ಕಿಲೋಮೀಟರ್ ದೂರ. ಆದರೆ ಹತ್ತಿರ ಇರುವುದನ್ನೇ ನಾವು ಬಳಸುತ್ತಿಲ್ಲ. 2014ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದಡಿ 10ರಿಂದ 19ರ ವಯಸ್ಸಿನವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್‌ಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. ನಮ್ಮ ಹತ್ತನೆಯ ತರಗತಿಯ ಎಷ್ಟು ಮಕ್ಕಳಿಗೆ ಸ್ನೇಹ ಕ್ಲಿನಿಕ್ ಎಂಬುದೊಂದು ಇದೆಯೆಂದು ಗೊತ್ತು, ಕೇಳಿ ನೋಡಿ. ತಿಂಗಳಿಗೊಂದು ದಿನ ಅಲ್ಲಿಯ ಆಪ್ತಸಮಾಲೋಚಕರು ಕ್ಲಸ್ಟರ್‌ನ ಒಂದು ಶಾಲೆಗೆ ಬರುವಂತೆ ಆರೋಗ್ಯ ಇಲಾಖೆಯೊಡನೆ ಮಾತಾಡುವುದು ಜಿಲ್ಲಾ ಮಟ್ಟದಲ್ಲಿ ಆಗಬಹುದಾದ ಕೆಲಸ. ಅದೇ ಕಾರ್ಯಕ್ರಮದಲ್ಲಿ ಮಕ್ಕಳ ನಡುವಿನಿಂದಲೇ ಆರಿಸಿದ ಸಮವಯಸ್ಕ ಶಿಕ್ಷಕರ ಕಲ್ಪನೆಯೂ ಇದೆ. ಕಾಲುವೆಗೆ ಜಿಗಿಸುವ ಗೆಳೆಯರ ಕಣ್ಣೇ ಕಷ್ಟದಲ್ಲಿರುವವನನ್ನು ಮೊದಲು ಗುರುತಿಸುವ ಕಣ್ಣೂ ಆಗಿರುವುದರಿಂದ, ಈ ಭಾಗವನ್ನು ಕಾಗದದಿಂದ ಶಾಲೆಗೆ ಇಳಿಸುವುದು ಲಾಭದ ಕೆಲಸ.

‘ಇವೆಲ್ಲ ಕೇಳಲು ಚಂದ, ಬೈಯದಿದ್ದರೆ ಯಾರೂ ಓದುವುದಿಲ್ಲ, ಫಲಿತಾಂಶಕ್ಕೆ ಉತ್ತರ ಕೊಡಬೇಕಾದವರು ನಾವು’ ಎಂದು ನನ್ನ ಹಳೆಯ ಸಹೋದ್ಯೋಗಿಗಳು ಹೇಳುತ್ತಾರೆ. ಅವರ ಮೇಲಿನ ಒತ್ತಡ ಸುಳ್ಳಲ್ಲ. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಮೂಲಕ ನೇರವಾಗಿ ನಿಗಾ ಇಡುವ ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಹಿಂದಿನ ವರ್ಷದ ಶೇ. 83.89ರಿಂದ ಶೇ. 73.40ಕ್ಕೆ ಇಳಿಯಿತು, ಆಮೇಲೆ ನೋಟಿಸುಗಳು ಬಂದದ್ದು ಶಿಕ್ಷಕರಿಗೆ. ಮೇಲಿನಿಂದ ಅವಮಾನವಾದವರು ಕೆಳಗೆ ಅದನ್ನೇ ದಾಟಿಸುತ್ತಾರೆ. ಜಿಲ್ಲೆಗಳನ್ನು, ತಾಲ್ಲೂಕುಗಳನ್ನು, ಶಾಲೆಗಳನ್ನು ಸಭೆಯಲ್ಲಿ ಎಬ್ಬಿಸಿ ನಿಲ್ಲಿಸಿ ಕೇಳುವ ರೂಢಿ ನಿಲ್ಲದೆ ತರಗತಿಯಲ್ಲಿ ಅದು ನಿಲ್ಲುತ್ತದೆಂದು ನಾನು ನಂಬಿಲ್ಲ. ಬಿಗಿ ಬೇಡವೆಂದು ಮಾತ್ರ ನಾನು ಹೇಳುವುದಿಲ್ಲ. ಮನಶ್ಶಾಸ್ತ್ರಜ್ಞೆ ಡಯಾನಾ ಬಾಮ್‌ರಿಂಡ್ 1960ರ ದಶಕದಿಂದ ಪಾಲಕರ ಮೇಲೆ ನಡೆಸಿದ ಅಧ್ಯಯನಗಳಲ್ಲಿ ಮಕ್ಕಳು ಚೆನ್ನಾಗಿ ಬೆಳೆದದ್ದು ಕಟ್ಟುನಿಟ್ಟೂ ಮಮತೆಯೂ ಒಟ್ಟಿಗೆ ಇದ್ದ ಮನೆಗಳಲ್ಲಿ. ನಿಯಮ ಇರಲಿ, ಅದಕ್ಕೆ ಕಾರಣ ಹೇಳಲಿ, ಮುರಿದವನನ್ನು ಒಬ್ಬನನ್ನೇ ಕರೆದು ಕೇಳಲಿ.

ಹದಿನಾರರ ಹುಡುಗ ಅಪ್ಪನ ಬೈಕಿನ ಮೇಲೆ ಇಬ್ಬರನ್ನು ಕೂರಿಸಿಕೊಂಡು ಶಾಲೆಗೆ ಬರುವುದರ ಬಗ್ಗೆಯೂ ಬರೆಯಬಹುದಿತ್ತು. ಅದಕ್ಕೆ ಕಾನೂನು ಸ್ಪಷ್ಟವಾಗಿದೆ: 2019ರ ತಿದ್ದುಪಡಿಯಂತೆ ವಾಹನ ಕೊಟ್ಟ ಪಾಲಕರಿಗೇ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆ. ಶಾಲೆಯ ಗೇಟಿನಲ್ಲಿ ಬೈಕ್ ಒಳಗೆ ಬಿಡದಿದ್ದರೆ ಮುಗಿಯಿತು.

ಈ ವರ್ಷದ ಕ್ರಿಯಾಯೋಜನೆಯ ಸುತ್ತೋಲೆ ಹೊರಡುವಾಗ ಬೆಳಗಿನ 6 ಗಂಟೆಗೆ ಮೊದಲು ಯಾವ ಮಗುವಿಗೂ ಶಾಲೆಯ ಕಡೆಯಿಂದ ಫೋನ್ ಹೋಗಬಾರದು, ವಸತಿ ಶಾಲೆ ಮತ್ತು ಹಾಸ್ಟೆಲುಗಳಲ್ಲಿ ಎಂಟು ತಾಸು ನಿದ್ದೆಗೆ ಆಸ್ಪದವಿರುವಂತೆ ವೇಳಾಪಟ್ಟಿ ಇರಬೇಕು, ಅಂಕಗಳ ಪಟ್ಟಿ ಗೋಡೆಗೆ ಏರಬಾರದು ಎಂಬ ಮೂರು ಸಾಲುಗಳನ್ನು ಸೇರಿಸಬೇಕೆಂದು ಕೋರುತ್ತೇನೆ. ಚೀಟಿ ಮತ್ತು ಮೊಬೈಲ್ ಪ್ರಕರಣಗಳನ್ನು ನಿಭಾಯಿಸುವ ನಿಯಮಕ್ಕೆ ಸ್ವಲ್ಪ ಚರ್ಚೆ ಬೇಕಾಗುತ್ತದೆ. ಗುರುಮಾತೆಯರು, ಮಕ್ಕಳ ರಕ್ಷಣಾ ಘಟಕದವರು ಮತ್ತು ಮುಖ್ಯವಾಗಿ ಒಂಬತ್ತು, ಹತ್ತನೆಯ ತರಗತಿಯ ಕೆಲವು ವಿದ್ಯಾರ್ಥಿನಿಯರು ಆ ಚರ್ಚೆಯಲ್ಲಿರಲಿ. ಅಂಥ ಸಭೆಯನ್ನು ಇಂಡಿಯಲ್ಲಿ ಕರೆದರೆ ಕುರ್ಚಿ ಹಾಕುವ ಕೆಲಸದಿಂದ ಹಿಡಿದು ನಡಾವಳಿ ಬರೆಯುವವರೆಗೆ ನೆರವಾಗಲು ನಾನು ಸಿದ್ಧನಿದ್ದೇನೆ.

ವಿಶ್ವಾಸಗಳೊಂದಿಗೆ,

ನಿವೃತ್ತ ಪ್ರೌಢಶಾಲಾ ವಿಜ್ಞಾನ ಶಿಕ್ಷಕ
ಇಂಡಿ ತಾಲ್ಲೂಕು, ವಿಜಯಪುರ ಜಿಲ್ಲೆ